ಆ 22 ಪ್ರಶ್ನೆ ಫಾರಂ ಹನ್ನೊಂದು ತಿಂಗ್ಳು ಮೊದ್ಲೇ ಸಿಕ್ಕಿದ್ರೆ

ನಮ್ಮನೆಯವ್ರು ಅಡಿಕೆ ಮರದಿಂದ ಬಿದ್ದು ಈ ಅಕ್ಟೋಬರ್‌ಗೆ ಹದಿನೈದು ತಿಂಗ್ಳಾಯ್ತು. ಹೋದ ಮಂಗಳವಾರ ತಾಲೂಕು ಆಸ್ಪತ್ರೆಲಿ ನನ್ನ ಕೊನೇ ಕೌನ್ಸೆಲಿಂಗ್ ಮುಗೀತು, ಅದೇ ವಾರ ಪೋಸ್ಟ್‌ಮ್ಯಾನ್ ಅವ್ರ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ತಂದುಕೊಟ್ಟ. ಕಾರ್ಡಿಗೆ ಏನೇನು ಕಾಗದ ಬೇಕು ಅಂತ ಹೇಳೋರು ಊರಲ್ಲಿ ಹತ್ತು ಜನ ಸಿಕ್ತಾರೆ, ಆದ್ರೆ ನೋಡ್ಕೊಳ್ಳೋರ ತಲೆ ಏನಾಗುತ್ತೆ ಅಂತ ಹೇಳೋರು ನಂಗೆ ಒಬ್ರೂ ಸಿಗ್ಲಿಲ್ಲ, ಅದಕ್ಕೇ ಎರಡನ್ನೂ ಸೇರ್ಸಿ ಬರೀತಿದೀನಿ. ಸ್ವಲ್ಪ ಉದ್ದ ಆಗ್ಬಹುದು.

ನಾನು ಸಾಗರದ ಕಡೆ ಹೈಸ್ಕೂಲಲ್ಲಿ ಗಣಿತ ಹೇಳ್ಕೊಡ್ತೀನಿ. ನಮ್ದು ಒಂದೂವರೆ ಎಕರೆ ತೋಟ. ಜುಲೈ ತಿಂಗ್ಳು, ಅಡಿಕೆಗೆ ಎರಡನೇ ಸಲದ ಕೊಳೆ ರೋಗದ ಔಷಧಿ ಹೊಡೀಬೇಕು, ಮರ ಹತ್ತೋ ಕೊನೆಗಾರರು ಸಿಗ್ಲಿಲ್ಲ, ಮಳೆ ಒಂದಿನ ಹೊಳವಾಯ್ತು ಅಂತ ಇವ್ರೇ ಹತ್ತಿದ್ರು. ಮರ ಪಾಚಿ ಕಟ್ಟಿ ಜಾರ್ತಿತ್ತು. ಬಿದ್ದಾಗ ಮೈದುನ ಮತ್ತೆ ಪಕ್ಕದ ತೋಟದವ್ರು ಕಂಬಳಿಲಿ ಸುತ್ಕೊಂಡು ಎತ್ಕೊಂಡು ಬಂದ್ರು. (ಇದನ್ನ ಮಾಡ್ಲೇಬೇಡಿ. ಬೆನ್ನಿಗೆ ಪೆಟ್ಟಾಗಿರೋ ಅನುಮಾನ ಇದ್ರೆ 108ಕ್ಕೆ ಫೋನ್ ಮಾಡಿ, ಅಲ್ಲೀತನಕ ಅಲ್ಲಾಡಿಸ್ಬೇಡಿ, ಎತ್ಲೇಬೇಕು ಅಂದ್ರೆ ತಲೆ ಕುತ್ತಿಗೆ ಬೆನ್ನು ಒಂದೇ ನೇರಕ್ಕೆ ಇರೋ ಹಾಗೆ ಹಲಗೆ ಮೇಲೆ.) ಡಿ12 ಅನ್ನೋ ಬೆನ್ನುಮೂಳೆ ಮುರಿದು ಒಳಗಿನ ಹುರಿಗೆ ಪೆಟ್ಟಾಗಿದೆ, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ ಅಂದ್ರು. ಆಪರೇಷನ್, ರಾಡು ಸ್ಕ್ರೂ ಎಲ್ಲಾ ಸೇರಿ 3,40,000 ಆಯ್ತು, 24 ದಿನ ಆಸ್ಪತ್ರೆ.

ಆ ವಾರ್ಡಲ್ಲಿ ಪಕ್ಕದ ಬೆಡ್ಡಿನಲ್ಲಿದ್ದದ್ದೂ ಮರದಿಂದ ಬಿದ್ದೋರೇ, ಹೊಸನಗರ ಕಡೆ ಕೊನೆಗಾರ. ಅವ್ನ ಹೆಂಡ್ತಿ ನನಗಿಂತ ಹತ್ತು ವರ್ಷ ಚಿಕ್ಕೋಳು. ಬಂದ ಎರಡನೇ ದಿನಕ್ಕೇ ಆಯಾಗಳೆಲ್ಲ ಅವ್ಳ ದೋಸ್ತರು, ಕ್ಯಾಂಟೀನಿನ ಹುಡುಗ ಅವ್ಳಿಗೆ ಎಕ್ಸ್‌ಟ್ರಾ ಸಾಂಬಾರು ಕೊಡ್ತಿದ್ದ, ರಾತ್ರಿ ಒಂಬತ್ತಕ್ಕೆ ಬೆಡ್ಡಿನ ಕೆಳಗೆ ಚಾಪೆ ಹಾಸಿದ್ರೆ ಬೆಳಿಗ್ಗೆ ಐದಕ್ಕೇ ಎಚ್ಚರ. ನಾನು ಗೋಡೆಗೊರಗಿ ಕೂತು ಗ್ಲೂಕೋಸ್ ಹನಿ ಎಣಿಸ್ತಿದ್ದೆ. "ಅಕ್ಕೋರೆ, ನೀವು ಎಣಿಸಿದ್ರೆ ಬೇಗ ಇಳಿಯುತ್ತಾ?" ಅಂತ ನಗಾಡ್ತಿದ್ಲು. ನಂಗೆ ಒಳಗೊಳಗೇ ಸಿಟ್ಟು. ಇವ್ಳಿಗೆ ಗಂಡನ ಮೇಲೆ ಪ್ರೀತಿ ಇದ್ಯೋ ಇಲ್ವೋ ಅಂತ್ಲೂ ಅಂದ್ಕೊಂಡಿದ್ದೆ. ಸುಳ್ಳು ಯಾಕೆ ಹೇಳ್ಲಿ.

ಮನೆಗೆ ಬಂದ್ಮೇಲೆ ನಾನು ಮಾಡಿದ ಮೊದಲ ಕೆಲ್ಸ 200 ಪುಟದ ನೋಟ್‌ಬುಕ್ ತಗೊಂಡು ಸ್ಕೇಲಿಟ್ಟು ಐದು ಕಾಲಂ ಗೆರೆ ಹಾಕಿದ್ದು. ಟೈಮು, ಯಾವ ಮಗ್ಗುಲು, ನೀರು ಎಷ್ಟು, ಯೂರಿನ್ ಎಷ್ಟು, ಚರ್ಮ ಹೆಂಗಿದೆ. ಒಂದೇ ಕಡೆ ಒತ್ತಿ ಹುಣ್ಣು (ಬೆಡ್‌ಸೋರ್) ಆಗದ ಹಾಗೆ ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸ್ಬೇಕು ಅಂತ ಡಿಸ್ಚಾರ್ಜ್ ಮಾಡುವಾಗ ಸಿಸ್ಟರ್ ಹೇಳಿದ್ರು, ಏರ್‌ಬೆಡ್ ಇದ್ರೂ ಬಿಡೋಹಾಗಿಲ್ಲ ಅಂತ. ಸರಿ, ಹತ್ತು, ಹನ್ನೆರಡು, ಎರಡು, ನಾಲ್ಕು, ಫೋನಲ್ಲಿ ನಾಲ್ಕು ಅಲಾರಂ. ಒಂದು ದಿಂಬು ಬೆನ್ನ ಹಿಂದೆ, ಒಂದು ಎರಡು ಮಂಡಿ ಮಧ್ಯೆ, ಒಂದು ಮೀನಖಂಡದ ಕೆಳಗೆ, ಹಿಮ್ಮಡಿ ಹಾಸಿಗೆಗೆ ತಾಗ್ಬಾರ್ದು, ತಾಗಿಲ್ಲ ಅಂತ ನೋಡೋಕೆ ನಾನು ಎ4 ಹಾಳೆ ತೂರಿಸಿ ಎಳೀತಿದ್ದೆ. ಹಾಳೆ ಸಲೀಸಾಗಿ ಬಂದ್ರೆ ಮಾತ್ರ ಲೈಟ್ ಆರಿಸೋದು. ಇದನ್ನ ಈಗ ಬರೀವಾಗ ನಗು ಬರುತ್ತೆ, ಆಗ ನಗೋ ವಿಷ್ಯ ಆಗಿರ್ಲಿಲ್ಲ.

ನಾಲ್ಕೈದು ಗಂಟೆಗೊಂದು ಸಲ ಕ್ಯಾಥೆಟರ್ ಅನ್ನೋ ಪೈಪು ಹಾಕಿ ಯೂರಿನ್ ತೆಗೆಯೋದು, ಅದೂ ನಾನೇ. ಶಿವಮೊಗ್ಗದ ಏಜೆನ್ಸಿಯಿಂದ ಹೋಂ ನರ್ಸ್ ಕರೆಸಿದ್ವಿ, ತಿಂಗ್ಳಿಗೆ 22,000. ಐದು ವಾರದಲ್ಲಿ ಮೂರು ಜನನ್ನ ಕಳಿಸ್ದೆ. ಮೊದಲನೇಯವ್ಳು ಹಿಮ್ಮಡಿ ಕೆಳಗೇ ದಿಂಬಿಟ್ಲು. ಎರಡನೇಯವ್ಳು ಫೋನ್ ಬಿಡ್ತಿರ್ಲಿಲ್ಲ. ಮೂರನೇಯವ್ಳಲ್ಲಿ ಯಾವ ತಪ್ಪೂ ಇರ್ಲಿಲ್ಲ, ಅವ್ಳು ಮಾಡೋ ರೀತಿ ನನ್ನ ರೀತಿ ಅಲ್ಲ ಅಷ್ಟೇ. ಓರಗಿತ್ತಿ ಎರಡು ದಿನ ಬಂದು "ಅಕ್ಕ ನೀವು ಮಲಗಿ, ನಾನು ನೋಡ್ಕೋತೀನಿ" ಅಂದ್ಲು, ನಾನು ಮಲಗಿದಂಗೆ ಮಾಡಿ ಬಾಗಿಲ ಸಂದಿಯಿಂದ ನೋಡ್ತಿದ್ದೆ, ಅವ್ಳಿಗೂ ಗೊತ್ತಾಯ್ತು, ಮೂರನೇ ದಿನ ಬರ್ಲಿಲ್ಲ. ಆಮೇಲೆ "ನಮ್ಮೋರು ಯಾರೂ ಆಗಲ್ಲ, ಎಲ್ಲಾ ನಾನೇ ಮಾಡ್ಬೇಕು" ಅಂತ ಅತ್ತೆ ಹತ್ರ ಅತ್ತಿದ್ದೂ ನಾನೇ.

ಕಾರ್ಡಿನ ವಿಷ್ಯ ಇಲ್ಲೇ ಹೇಳ್ಬಿಡ್ತೀನಿ. ಗ್ರಾಮ ಪಂಚಾಯ್ತಿಲಿ ವಿಆರ್‌ಡಬ್ಲ್ಯು ಅಂತ ಇರ್ತಾರೆ, ತಾಲೂಕು ಪಂಚಾಯ್ತಿಲಿ ಎಂಆರ್‌ಡಬ್ಲ್ಯು, ಅಂಗವಿಕಲರ ಕೆಲ್ಸ ನೋಡೋ ಕಾರ್ಯಕರ್ತರು, ಮೊದ್ಲು ಅವ್ರನ್ನ ಹಿಡ್ಕೊಳ್ಳಿ, ನಾನು ಗೊತ್ತಿಲ್ದೆ ಸೈಬರ್ ಸೆಂಟರಿಗೆ ಮೂರು ಸಲ ಸುತ್ತಿದೆ. ಅರ್ಜಿ ಸ್ವಾವಲಂಬನ್ ಕಾರ್ಡ್ ವೆಬ್‌ಸೈಟಲ್ಲಿ ಆನ್‌ಲೈನ್. ಆಧಾರ್, ಫೋಟೋ, ಸಹಿ, ಡಿಸ್ಚಾರ್ಜ್ ಸಮ್ಮರಿ. ಪೆಟ್ಟಾಗಿ ಆರು ತಿಂಗ್ಳು ಆಗೋತನಕ ಅಂಗವೈಕಲ್ಯದ ಪರ್ಸೆಂಟೇಜ್ ಹಾಕಲ್ಲ ಅಂದ್ರು, ನರದ ತೊಂದ್ರೆಲಿ ಅಷ್ಟರೊಳಗೆ ಸುಧಾರಿಸಬಹುದು ಅಂತ, ಹಾಗಾಗಿ ಫೆಬ್ರವರಿಲಿ ಹಾಕಿದ್ವಿ. ಮಾರ್ಚಲ್ಲಿ ಪರೀಕ್ಷೆಗೆ ಅಂತ ಆಸ್ಪತ್ರೆಗೆ ಕರೆದ್ರು. ಓಮ್ನಿ ಬಾಡಿಗೆ 2,800 ಕೊಟ್ಟು, ಸೀಟು ತೆಗೆಸಿ ಹಾಸಿಗೆ ಹಾಕಿ ಕರ್ಕೊಂಡು ಹೋದ್ರೆ ಮೂಳೆ ಡಾಕ್ಟ್ರು ರಜ. ಆಧಾರಲ್ಲಿ ಅಪ್ಪನ ಹೆಸ್ರು ಪೂರ್ತಿ ಇದೆ, ಸಮ್ಮರಿಲಿ ಬರೀ ಇನಿಷಿಯಲ್ ಇದೆ ಅಂತ ಅದನ್ನೂ ಸರಿಮಾಡಿಸ್ಕೊಂಡು ಬನ್ನಿ ಅಂದ್ರು. ರ‍್ಯಾಂಪ್ ಇತ್ತು, ಅದ್ರ ಗೇಟಿಗೆ ಬೀಗ, ಕೀ ಯಾರ ಹತ್ರ ಇದೆ ಅನ್ನೋದು ಯಾರಿಗೂ ಗೊತ್ತಿರ್ಲಿಲ್ಲ, ಅಂಗವಿಕಲರ ಬೋರ್ಡ್ ಕೂರೋ ದಿನ. ಏಪ್ರಿಲಲ್ಲಿ ಮತ್ತೆ ಹೋಗಿ 85% ಅಂತ ಬರ್ಕೊಟ್ರು. 40ಕ್ಕಿಂತ ಕಮ್ಮಿ ಇದ್ರೆ ಬಿಳಿ ಕಾರ್ಡು, 40ರಿಂದ 80ರ ಒಳಗೆ ಹಳದಿ, 80 ಮತ್ತೆ ಮೇಲೆ ನೀಲಿ. ಹೋಗೋ ಮುಂಚೆ ಡಾಕ್ಟ್ರು ಇರ್ತಾರಾ ಅಂತ ಅವತ್ತೇ ಬೆಳಿಗ್ಗೆ ಫೋನ್ ಮಾಡಿ, ಎಂಆರ್‌ಐ ಫಿಲ್ಮೂ ತಗೊಂಡು ಹೋಗಿ, ಬರೀ ರಿಪೋರ್ಟು ಸಾಲಲ್ಲ.

ನನ್ನ ಸಂಬಳ ಇರೋದ್ರಿಂದ ಅಂಗವಿಕಲರ ಪಿಂಚಣಿ ನಮಗೆ ಬರಲ್ಲ. ಆದ್ರೆ ಹಳೇ ಪದ್ಧತಿಲಿ ಟ್ಯಾಕ್ಸ್ ಕಟ್ಟೋರು 1961ರ ಆದಾಯ ತೆರಿಗೆ ಕಾಯ್ದೆಲಿ 80ಡಿಡಿ ಅನ್ನೋ ವಿನಾಯ್ತಿ ನೋಡ್ಕೊಳ್ಳಿ, ಅವಲಂಬಿತ ಗಂಡ ಅಥ್ವಾ ಹೆಂಡ್ತಿಗೆ 40% ಮತ್ತೆ ಮೇಲಿದ್ರೆ 75,000, 80% ಮತ್ತೆ ಮೇಲಿದ್ರೆ 1,25,000 ಆದಾಯದಿಂದ ಕಳೀತಾರೆ.

ಈ ಓಡಾಟ ಎಲ್ಲಾ ಕಷ್ಟ ಹೌದು, ಆದ್ರೆ ನಾನು ಮುರಿದುಬಿದ್ದಿದ್ದು ಇದ್ರಿಂದ ಅಲ್ಲ.

ಇಎಲ್ (ಗಳಿಕೆ ರಜ) ಎಲ್ಲಾ ಮುಗಿದು ಸ್ಕೂಲಿಗೆ ಹೋಗೋಕೆ ಶುರುಮಾಡಿದ್ದೆ. ಜೂನ್, ಸ್ಕೂಲ್ ಶುರುವಾಗಿ ಎರಡನೇ ವಾರ, ಒಂಬತ್ತನೇ ಕ್ಲಾಸು. ಒಬ್ಬ ಹುಡುಗ ಮಾರ್ಜಿನ್ ಹಾಕದೆ ಲೆಕ್ಕ ಬರ್ದಿದ್ದ. ಅವ್ನ ನೋಟ್‌ಬುಕ್ ಕಿಟಕಿಯಿಂದ ಆಚೆ ಎಸೆದೆ. ಹೊರಗೆ ಮಳೆ. ಕ್ಲಾಸ್ ಗಪ್‌ಚಿಪ್. ಹುಡುಗ ಹೋಗಿ ಆರಿಸ್ಕೊಂಡು ಬಂದು, ಅಂಗಿಲಿ ಒರೆಸಿ, ಮತ್ತೆ ಕೂತು ಸ್ಕೇಲ್ ತಗೊಂಡು ಒದ್ದೆ ಹಾಳೆ ಮೇಲೆ ಮಾರ್ಜಿನ್ ಹಾಕೋಕೆ ಹೋದ, ಹಾಳೆ ಹರೀತು. ನಾನು ಸ್ಟಾಫ್ ರೂಮಿಗೆ ಹೋಗಿ ಅತ್ತಿದ್ದು ಎಷ್ಟು ಹೊತ್ತು ಅಂತ ನೆನಪಿಲ್ಲ. ವಿಜ್ಞಾನದ ಮೇಡಂ ಪಿಎಚ್‌ಸಿಗೆ ಕರ್ಕೊಂಡು ಹೋದ್ರು, ಬಿಪಿ 160/100. ಅವ್ರೇ ಅವತ್ತು ಸಂಜೆ 14416ಕ್ಕೆ ಫೋನ್ ಹಚ್ಚಿ ಕೈಗೆ ಕೊಟ್ರು. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ, 2022ರಿಂದ ಇದೆ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಅರ್ಧ ಗಂಟೆ ಕೇಳಿಸ್ಕೊಂಡು, ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ನಡೆಯುತ್ತೆ, ಜಿಲ್ಲೆಯಿಂದ ಮನೋವೈದ್ಯರ ಟೀಂ ಬರುತ್ತೆ, ಹೋಗಿ ಅಂದ್ರು.

ಹೋಗೋಕೆ ಮೂರು ಮಂಗಳವಾರ ಬೇಕಾಯ್ತು. ಮೊದಲ್ನೇ ಸಲ ಗೇಟಿನ ತನಕ ಹೋಗಿ ವಾಪಸ್ ಬಂದೆ, ಕ್ಯೂನಲ್ಲಿ ನನ್ನ ಸ್ಟೂಡೆಂಟ್ ಅಮ್ಮ ನಿಂತಿದ್ರು. ಎರಡನೇ ಸಲ ಮೀಟಿಂಗ್ ನೆಪ ಸಿಕ್ತು. ಮೂರನೇ ಸಲ ಚೀಟಿ ಮಾಡ್ಸೋವಾಗ "ಪೇಷೆಂಟ್ ಯಾರು?" ಅಂದ್ರು. ಹನ್ನೊಂದು ತಿಂಗ್ಳಿಂದ ಆ ಪ್ರಶ್ನೆಗೆ ಇವ್ರ ಹೆಸ್ರು ಹೇಳಿ ಹೇಳಿ ಅಭ್ಯಾಸ, ಬಾಯಲ್ಲಿ ಅದೇ ಬಂತು, ಚೀಟಿ ಅವ್ರ ಹೆಸ್ರಲ್ಲೇ ಆಯ್ತು, ಮತ್ತೆ ತಿದ್ದಿಸ್ಬೇಕಾಯ್ತು. ಎರಡೂವರೆ ಗಂಟೆ ಕಾದೆ. ಊಟ ಕಟ್ಕೊಂಡು ಹೋಗಿ.

ಡಾಕ್ಟ್ರು ಐದು ನಿಮಿಷ ಮಾತಾಡಿ ಒಳಗಿದ್ದ ಸೈಕಾಲಜಿಸ್ಟ್ ಹತ್ರ ಕಳಿಸಿದ್ರು. ಚಿಕ್ಕ ವಯಸ್ಸಿನ ಹುಡುಗಿ, ನನ್ನ ಹಳೇ ಸ್ಟೂಡೆಂಟ್ ವಯಸ್ಸು. ಒಂದು ಫಾರಂ ಕೊಟ್ಲು, ಜರಿಟ್ ಅನ್ನೋರು ಮಾಡಿದ್ದು, ಆರೈಕೆ ಮಾಡೋರ ಮೇಲೆ ಎಷ್ಟು ಭಾರ ಇದೆ ಅಂತ ಅಳೆಯೋಕೆ. 22 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4, ಒಟ್ಟು 88. ನಂದು 54 ಬಂತು. 41ರಿಂದ 60 ಅಂದ್ರೆ ಸಾಕಷ್ಟು ಜಾಸ್ತಿ ಅನ್ನೋ ಗುಂಪು.

ಗಣಿತದ ಟೀಚರಲ್ವಾ, ನಾನು ಟೋಟಲ್ ಬಿಟ್ಟು ಒಂದೊಂದು ಮಾರ್ಕ್ಸೂ ನೋಡ್ದೆ. ನಿಮಗೆ ಅಂತ ಟೈಮ್ ಸಿಗಲ್ವಾ, ಆರೋಗ್ಯ ಕೆಟ್ಟಿದ್ಯಾ, ದುಡ್ಡು ಸಾಲ್ತಿದ್ಯಾ ಅನ್ನೋ ತರದಕ್ಕೆಲ್ಲ ಎರಡು, ಮೂರು ಹಾಕಿದ್ದೆ. ನೇರ ನಾಲ್ಕು ಹಾಕಿದ್ದು ಮೂರಕ್ಕೆ. ಇವ್ರಿಗೆ ಮುಂದೆ ಏನಾಗುತ್ತೋ ಅನ್ನೋ ಭಯ ಇದ್ಯಾ ಅನ್ನೋದು ಒಂದು. ಇನ್ನೂ ಹೆಚ್ಚು ಮಾಡ್ಬೇಕಿತ್ತು ಅನ್ಸುತ್ತಾ, ಇದಕ್ಕಿಂತ ಚೆನ್ನಾಗಿ ನೋಡ್ಕೋಬಹುದಿತ್ತು ಅನ್ಸುತ್ತಾ ಅನ್ನೋವು ಇನ್ನೆರಡು. "ಮೇಡಂ, ನಿಮ್ಮ ಯಜಮಾನ್ರಿಗೆ ಬೆಡ್‌ಸೋರ್ ಆಗಿದ್ಯಾ?" ಅಂದ್ಲು. ಒಂದೂ ಇಲ್ಲ ಅಂದೆ. "ಯೂರಿನ್ ಇನ್‌ಫೆಕ್ಷನ್?" ಒಂದೇ ಸಲ. "ಮತ್ತೆ ಇನ್ನೂ ಹೆಚ್ಚು ಅಂದ್ರೆ ಏನು ಮಾಡ್ಬೇಕಿತ್ತು?" ಉತ್ತರ ಇರ್ಲಿಲ್ಲ. ಎ4 ಹಾಳೆ ವಿಷ್ಯ ಹೇಳ್ದೆ. ಅವ್ಳು ನಗ್ಲಿಲ್ಲ, ಬರ್ಕೊಂಡ್ಲು.

ಮುಂದಿನ ಮಂಗಳವಾರ ಇನ್ನೊಂದು ಫಾರಂ, ಅದು ಸ್ವಭಾವದ್ದು. ಮನಃಶಾಸ್ತ್ರದೋರು ಸ್ವಭಾವನ ಐದು ಅಳತೇಲಿ ನೋಡ್ತಾರಂತೆ: ಜನರ ಜೊತೆ ಬೆರೆಯೋದು, ಹೊಂದ್ಕೊಂಡು ಹೋಗೋದು, ಹೊಸದಕ್ಕೆ ತೆರ್ಕೊಳ್ಳೋದು, ಅಚ್ಚುಕಟ್ಟುತನ, ಐದನೇದು ನ್ಯೂರಾಟಿಸಿಸಂ. ನಂಗೆ ಕೊನೇ ಎರಡೂ ಜಾಸ್ತಿ ಬಂದ್ವು. ನ್ಯೂರಾಟಿಸಿಸಂ ಅಂದ ತಕ್ಷಣ ನಂಗೆ ಕಿವಿ ಬಿಸಿ ಆಯ್ತು, ಹುಚ್ಚು ಅಂತಿದಾಳಾ ಅಂತ. ಅದು ಕಾಯಿಲೆ ಅಲ್ಲ ಮೇಡಂ, ಚಿಂತೆ ಬೇಗ ಹತ್ಕೊಳ್ಳೋ ಗುಣ, ಎತ್ತರ ಇದ್ದಂಗೆ, ಕೆಲವ್ರಿಗೆ ಜಾಸ್ತಿ ಕೆಲವ್ರಿಗೆ ಕಮ್ಮಿ ಅಂದ್ಲು. ಕಾಯಿಲೆ ಬಿದ್ದ ಗಂಡನೋ ಹೆಂಡ್ತಿನೋ ನೋಡ್ಕೊಳ್ಳೋರ ಮೇಲೆ 1990ರ ಸುಮಾರಿಂದಾನೂ ಅಧ್ಯಯನ ನಡೆದಿದ್ಯಂತೆ, ಈ ಗುಣ ಜಾಸ್ತಿ ಇರೋರಿಗೆ ಅದೇ ಕೆಲ್ಸ ಹೆಚ್ಚು ಭಾರ ಅನ್ಸುತ್ತೆ ಅಂತ ಮತ್ತೆ ಮತ್ತೆ ಕಂಡಿದ್ಯಂತೆ. ಅವ್ಳು ಹೇಳಿದ ಒಂದು ಮಾತು ನಂಗೆ ಸರಿಯಾಗಿ ತಾಗಿದ್ದು, "ನಿಮ್ಮ ಅಚ್ಚುಕಟ್ಟುತನ ಎತ್ತು ಮೇಡಂ, ಗಾಡಿ ಅದ್ರಿಂದಾನೇ ನಡೀತಿದೆ, ಆದ್ರೆ ಮೇಲೆ ಆತಂಕ ಕೂತ್ಕೊಂಡು ಬಾರುಕೋಲು ಬೀಸ್ತಿದೆ. ಎತ್ತನ್ನ ಬಿಡಿಸೋದು ಬೇಡ, ಕೋಲು ಇಸ್ಕೊಳ್ಳೋಣ."

ನಾನು ಸುಮ್ನೆ ಒಪ್ಕೊಳ್ಳಿಲ್ಲ. ಹಂಗಾದ್ರೆ ರ‍್ಯಾಂಪಿಗೆ ಬೀಗ ಹಾಕಿದ್ದು, ತಿಂಗ್ಳಿಗೆ ಕ್ಯಾಥೆಟರ್, ಜೆಲ್, ಗ್ಲೌಸು, ಫಿಸಿಯೋ ಅಂತ 9,000 ಕರಗೋದು, ಇದೆಲ್ಲ ನನ್ನ ಸ್ವಭಾವನಾ ಅಂತ ಕೇಳ್ದೆ. ಅಲ್ಲ, ಅದು ನಿಜವಾದ ಭಾರ, ಅದನ್ನ ಸ್ವಭಾವದ ತಲೆಗೆ ಕಟ್ಟೋದು ತಪ್ಪು ಅಂದ್ಲು. ಇದನ್ನ ಓದೋ ನೆಂಟರಿಷ್ಟರು ಗಮನಿಸಿ, ನೋಡ್ಕೊಳ್ತಿರೋ ಹೆಂಗಸಿಗೆ "ನಿನ್ನ ಸ್ವಭಾವಾನೇ ಹಂಗೆ" ಅನ್ನೋಕೆ ನಾನು ಇದನ್ನ ಬರೀತಿಲ್ಲ. ಹಂಗೆ ಅನ್ನೋರು ಒಂದು ರಾತ್ರಿ ಬಂದು ಮಗ್ಗುಲು ಹೊರಳಿಸ್ಲಿ, ಆಮೇಲೆ ಮಾತಾಡ್ಲಿ.

ಅವ್ಳು ಅಮೆರಿಕದ ಒಂದು ಅಧ್ಯಯನದ ಬಗ್ಗೆನೂ ಹೇಳಿದ್ಲು, 1999ರದ್ದು, ಶುಲ್ಜ್ ಮತ್ತೆ ಬೀಚ್ ಅನ್ನೋರ್ದು. 66ರಿಂದ 96 ವರ್ಷದ ಗಂಡ ಹೆಂಡ್ತೀರನ್ನ ನಾಲ್ಕು ವರ್ಷ ಗಮನಿಸಿದಾರೆ. ಸಂಗಾತಿನ ನೋಡ್ಕೊಳ್ತಾ ಅದ್ರಿಂದ ಒತ್ತಡ ಅನುಭವಿಸ್ತಿದ್ದೋರು ಸಾಯೋ ಸಾಧ್ಯತೆ, ನೋಡ್ಕೊಳ್ಳೋ ಹೊಣೆ ಇಲ್ದೋರಿಗಿಂತ 63% ಜಾಸ್ತಿ ಇತ್ತು. ನೋಡ್ಕೊಳ್ತಿದ್ರೂ ಒತ್ತಡ ಇಲ್ಲ ಅಂದೋರಲ್ಲಿ ಆ ಹೆಚ್ಚಳ ಕಾಣ್ಲಿಲ್ಲ. ಅವತ್ತು ಬಸ್ಸಲ್ಲಿ ವಾಪಸ್ ಬರ್ತಾ ಇದೊಂದೇ ತಲೇಲಿ. ನಾನು ಹೋಗ್ಬಿಟ್ರೆ ಇವ್ರಿಗೆ ಎ4 ಹಾಳೆ ತೂರಿಸೋರು ಯಾರು?

ಹೋಂವರ್ಕ್ ಕೊಟ್ಟಿದ್ದು ಕೇಳೋಕೆ ಸುಲಭ. ನೋಟ್‌ಬುಕ್ಕಲ್ಲಿ ವಾರಕ್ಕೊಂದು ಕಾಲಂ ಬರೆಯೋದು ಬಿಡ್ಬೇಕು. ಜೊತೆಗೆ, ಇವ್ರಿಗೆ ಕೈ ಎರಡೂ ಸರಿ ಇದಾವಲ್ಲ, ಕ್ಯಾಥೆಟರ್ ಅವ್ರೇ ಹಾಕ್ಕೊಳ್ಳೋದು, ಹೊರಳೋದು ಅವ್ರೇ ಕಲೀಬಹುದಲ್ವಾ, ಫಿಸಿಯೋನ ಕೇಳಿ ಅಂದ್ಲು. ಕೇಳ್ದೆ. ಫಿಸಿಯೋ ಹುಡುಗ ತಲೆ ಕೆರ್ಕೊಂಡ. "ಮೇಡಂ, ನಾನು ಡಿಸೆಂಬರಲ್ಲೇ ಹೇಳಿದ್ದೆ, ನೀವು ಬೇಡ ಇನ್‌ಫೆಕ್ಷನ್ ಆಗುತ್ತೆ ಅಂದ್ರಿ."

ಅವತ್ತು ರಾತ್ರಿ ಇವ್ರನ್ನ ಕೇಳ್ದೆ, ರೀ, ನಿಮ್ಗೆ ಇದು ಬೇಕಿತ್ತಾ ಅಂತ. ಸ್ವಲ್ಪ ಹೊತ್ತು ಸೂರು ನೋಡ್ತಾ ಮಲಗಿದ್ರು. "ಬೇಕಿತ್ತು. ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ." ಇವ್ರ ಸ್ವಭಾವ ಇದು, ಮೊದಲಿಂದಾನೂ ಹೀಗೇ, ಏನೂ ಬಾಯಿಬಿಡಲ್ಲ, ನಾನು ಊಹಿಸ್ಬೇಕು, ಊಹೆ ತಪ್ಪಾದ್ರೆ ಇನ್ನೂ ಸುಮ್ನಾಗ್ತಾರೆ. ಫಾರಂ ನನಗೊಬ್ಳಿಗೇ ಕೊಟ್ರಲ್ಲ, ಇವ್ರಿಗೂ ಒಂದು ಕೊಡ್ಬೇಕಿತ್ತು ಅಂತ ನಂಗೆ ಈಗ್ಲೂ ಅನ್ಸುತ್ತೆ.

ಮೊದಲ ದಿನ ಅವ್ರೇ ಕ್ಯಾಥೆಟರ್ ಹಾಕ್ಕೊಂಡಾಗ ಫಿಸಿಯೋ ನನ್ನನ್ನ ಆಚೆ ಕಳಿಸಿ ಬಾಗಿಲು ಹಾಕ್ದ. ನಾನು ಅಡಿಗೆಮನೇಲಿ ಒಗ್ಗರಣೆ ಸೌಟು ಹಿಡ್ಕೊಂಡು ನಿಂತಿದ್ದೆ, ಒಲೆ ಹಚ್ಚಿರ್ಲಿಲ್ಲ. ನಲವತ್ತು ನಿಮಿಷ. ಹಾಸಿಗೆ ಒದ್ದೆ, ಜೆಲ್ ಕೈಗೆಲ್ಲ, ಎರಡು ಪೈಪು ಹಾಳು. ಇವ್ರ ಮುಖ ಮಾತ್ರ ಬಿದ್ದ ದಿನದಿಂದ ನಾನು ಆ ತರ ನೋಡಿರ್ಲಿಲ್ಲ. ಈಗ ಹನ್ನೆರಡು ನಿಮಿಷದಲ್ಲಿ ಮುಗಿಸ್ತಾರೆ. ಮಂಚದ ಕಾಲಿಗೆ ಹಗ್ಗ ಕಟ್ಟಿದೀವಿ, ಹಿಡ್ಕೊಂಡು ಹೊರಳ್ತಾರೆ. ವೀಲ್‌ಚೇರಲ್ಲಿ ಕೂತಾಗ ಕಾಲು ಗಂಟೆಗೋ ಅರ್ಧ ಗಂಟೆಗೋ ಒಂದು ಸಲ ಕೈ ಊರಿ ಕುಂಡೆ ಎತ್ತಿ ಹಿಡೀತಾರೆ. ಬೆನ್ನುಹುರಿ ಪೆಟ್ಟಾದೋರಿಗೆ ಇದನ್ನೆಲ್ಲ ಕಲಿಸೋ ಜಾಗಗಳಿವೆ, ಬೆಂಗ್ಳೂರಲ್ಲಿ ಎಪಿಡಿ (ಅಂಗವಿಕಲರ ಸಂಸ್ಥೆ), ಕೊಕ್ಕಡದ ಹತ್ರ ಸೌತಡ್ಕದಲ್ಲಿ ಸೇವಾಧಾಮ, ಮೊದಲ ಆರು ತಿಂಗ್ಳಲ್ಲೇ ವಿಚಾರಿಸಿ. ನಾನು ವಿಚಾರಿಸ್ಲಿಲ್ಲ, ಯಾಕಂದ್ರೆ ನನಗಿಂತ ಚೆನ್ನಾಗಿ ಯಾರು ನೋಡ್ಕೊಳ್ತಾರೆ.

ಕಾಲಂ ಬಿಡೋದು ಇದಕ್ಕಿಂತ ಕಷ್ಟ ಆಯ್ತು. ನೀರಿನ ಕಾಲಂ ಬಿಟ್ಟ ವಾರ ನಾನು ಕ್ಯಾಲೆಂಡರ್ ಹಿಂದೆ ಕದ್ದು ಬರ್ದಿದ್ದೀನಿ. ಅದನ್ನೂ ಹೋಗಿ ಹೇಳ್ದೆ. ಎರಡು ಗಂಟೆ ಅಲಾರಂ ಆಫ್ ಮಾಡಿದ ಮೊದಲ ರಾತ್ರಿ ಅಲಾರಂ ಇಲ್ದೇನೇ ಎರಡಕ್ಕೆ ಎಚ್ಚರ, ಹೋಗಿ ನೋಡಿದ್ರೆ ಇವ್ರು ಆಗ್ಲೇ ಎಡಕ್ಕೆ ಹೊರಳಿ ಗೊರಕೆ ಹೊಡೀತಿದ್ರು.

ಇಷ್ಟಾದ್ರೂ ನಿಶ್ಚಿಂತೆ ಸ್ವಭಾವಾನೇ ಒಳ್ಳೇದು ಅಂತ ತಿಳ್ಕೋಬೇಡಿ. ಆ ಕೊನೆಗಾರನ ಹೆಂಡ್ತಿ ಇದ್ಲಲ್ಲ, ಜನವರಿಲಿ ಫೋನ್ ಮಾಡಿ ಅತ್ತಿದ್ಲು. ಅವ್ನಿಗೆ ಸೊಂಟದ ಕೆಳಗೆ ಮೂಳೆ ಕಾಣೋತನಕ ಹುಣ್ಣಾಗಿ, ಬೇರೆ ಕಡೆಯಿಂದ ಚರ್ಮ ಮಾಂಸ ತೆಗೆದು ಮುಚ್ಚೋ ಆಪರೇಷನ್ ಮಾಡ್ಬೇಕು ಅಂದಿದ್ರು. "ಕೆಂಪಗಾಗಿದ್ದು ನೋಡಿದ್ದೆ ಅಕ್ಕೋರೆ, ಹೋಗುತ್ತೆ ಬಿಡು ಅಂದ್ಕೊಂಡೆ." ಅವ್ಳಿಗೆ ನಿದ್ದೆ ಬರುತ್ತೆ, ಜನ ಸಹಾಯಕ್ಕೆ ಬರ್ತಾರೆ, ನಂಗೆ ಅದಿಲ್ಲ. ಆದ್ರೆ ನನ್ನ ಗಂಡನ ಮೈಮೇಲೆ ಒಂದು ಗುಳ್ಳೆನೂ ಇಲ್ಲ. ಫಾರಂ ಅವ್ಳಿಗೆ ಕೊಟ್ಟಿದ್ರೆ ನಂದರ್ಧ ಮಾರ್ಕ್ಸೂ ಬರ್ತಿರ್ಲಿಲ್ಲವೇನೋ, ಹುಣ್ಣನ್ನ ಯಾವ ಫಾರಂ ಹಿಡಿಯುತ್ತೆ ಗೊತ್ತಿಲ್ಲ.

ಹೋದ ಮಂಗಳವಾರ ಅದೇ 22 ಪ್ರಶ್ನೆ ಮತ್ತೆ ಬರೆಸಿದ್ರು. 37. ಬಿಪಿ ಮಾತ್ರೆ ಇನ್ನೂ ಇದೆ. ಇದಕ್ಕಿಂತ ಚೆನ್ನಾಗಿ ಮಾಡ್ಬಹುದಿತ್ತು ಅನ್ಸುತ್ತಾ ಅನ್ನೋದಕ್ಕೆ ಮೂರು ಹಾಕಿದೀನಿ, ಅದು ಇಳಿಯುತ್ತೆ ಅನ್ನೋ ನಂಬಿಕೆ ನನಗಿಲ್ಲ. ಓರಗಿತ್ತಿ ಭಾನುವಾರ ಬರ್ತಾಳೆ, ಅವ್ಳಿದ್ದಾಗ ನಾನು ಮನೇಲಿರಲ್ಲ, ತೋಟಕ್ಕೆ ಹೋಗ್ಬಿಡ್ತೀನಿ, ಮನೇಲಿದ್ರೆ ಸಂದಿಯಿಂದ ನೋಡ್ತೀನಿ ಅಂತ ನಂಗೆ ಗೊತ್ತು. ಆ ಹುಡುಗನಿಗೆ ಹೊಸ ನೋಟ್‌ಬುಕ್ ಕೊಟ್ಟು ಸಾರಿ ಕೇಳ್ದೆ, ಮಾರ್ಜಿನ್ ಹಾಕಿ ತಂದು ತೋರಿಸ್ದ ಪಾಪ.

ಮೊನ್ನೆ ಕೊನೆಗಾರನ ಹೆಂಡ್ತಿ ಮತ್ತೆ ಫೋನ್ ಮಾಡಿದ್ಲು. ಹುಣ್ಣು ವಾಸಿಯಾಗಿದೆ, ಇನ್ನೊಂದು ಆಗ್ಬಾರ್ದು, ನಿಮ್ಮ ಪುಸ್ತಕದ ಫೋಟೋ ಕಳಿಸಿ ಅಂದ್ಲು. ಕಳಿಸ್ದೆ. ಐದು ನಿಮಿಷಕ್ಕೆ ವಾಪಸ್ ಫೋನು, "ಅಕ್ಕೋರೆ, ಇಷ್ಟೆಲ್ಲ ನನ್ ಕೈಲಾಗಲ್ಲ, ಚರ್ಮದ್ದು ಒಂದು ಬರ್ಕೋತೀನಿ, ಸಾಕಾ?" ಸಾಕು ಅಂದೆ. ದಿನಾ ರಾತ್ರಿ ಟಾರ್ಚ್ ಹಾಕಿ ಸೊಂಟ, ಕುಂಡೆ, ಹಿಮ್ಮಡಿ ನೋಡು, ಕೆಂಪು ಹೋಗದಿದ್ರೆ ಆ ಕಡೆ ಮಲಗಿಸ್ಬೇಡ ಅಂದೆ. ಇನ್ನೊಂದು ಸಲಾನೂ ಹೇಳ್ದೆ. ಮೂರನೇ ಸಲ ಹೇಳೋಕೆ ನಾಲಿಗೆ ತುದಿಗೆ ಬಂದಿತ್ತು, ನುಂಗ್ಕೊಂಡು ರಾತ್ರಿ ನಿದ್ದೆ ಹೆಂಗೆ ಬರುತ್ತೆ ನಿಂಗೆ, ಅದನ್ನಾದ್ರೂ ಹೇಳ್ಕೊಡು ಅಂದೆ. "ಮಲ್ಕೊಂಡ್ರೆ ಬರುತ್ತೆ ಅಕ್ಕೋರೆ" ಅಂದ್ಲು.